ಖುರ್ಷೀದರ ಎಡಗಿವಿ

ನಮ್ಮ ಯಜಮಾನರಿಗೆ ಕಿವಿ ಕೇಳಿಸುವುದಿಲ್ಲ. ಇದು ನನಗೆ ಗೊತ್ತಿತ್ತು, ನಮ್ಮ ಮಗಳು ರುಕ್ಸಾರಳಿಗೆ ಗೊತ್ತಿತ್ತು, ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ಚಹಾ ಮಾರುವವನಿಗೂ ಗೊತ್ತಿತ್ತು. ಇಲ್ಲ ಎಂದು ಹಟ ಹಿಡಿದಿದ್ದವರು ಅವರೊಬ್ಬರೇ. ಆ ಹಟ ಹಿಡಿದುಕೊಂಡೇ ದಿನಾ ಬೆಳಿಗ್ಗೆ ವ್ಯಾನಿನ ತುಂಬ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಬಾಣಸವಾಡಿ, ಹಲಸೂರು ಸುತ್ತಿ ಫ್ರೇಜರ್ ಟೌನಿಗೆ ಹೋಗುತ್ತಿದ್ದರು. ಅವರು ವಾಪಸ್ ಬರುವವರೆಗೂ ನನ್ನ ಗಂಟಲಲ್ಲಿ ತಿಂಡಿ ಇಳಿಯುತ್ತಿರಲಿಲ್ಲ.

ಖುರ್ಷೀದ್ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ಕೆ.ಆರ್. ಪುರಕ್ಕೆ, ಕೆ.ಆರ್. ಪುರದಿಂದ ಮತ್ತೆ ಶಿವಾಜಿನಗರಕ್ಕೆ, ಹೀಗೇ ಆಯುಷ್ಯ ಕಳೆದರು. ಒಂದು ನಾಯಿಮರಿಗೂ ಗಾಡಿ ತಾಗಿಸಿದವರಲ್ಲ. ಅದನ್ನು ಅವರೇ ಎಲ್ಲರಿಗೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ಮೀಟರ್ ನೋಡಿಕೊಂಡು ಗೇರ್ ಬದಲಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಂಜಿನ್ ಏನು ಹೇಳುತ್ತದೋ ಅದನ್ನು ಕೇಳಿ ಓಡಿಸಬೇಕು ಎನ್ನುತ್ತಿದ್ದರು. ನಮ್ಮ ಮದುವೆಯ ಹೊಸತರಲ್ಲಿ ಊಟಕ್ಕೆ ಕೂತವರು ಬೀದಿಯಲ್ಲಿ ಹೋಗುವ ಆಟೋ ಸದ್ದು ಕೇಳಿ, "ಲತೀಫನ ಕ್ಲಚ್ ಹೋಯ್ತು ನೋಡು" ಅನ್ನುತ್ತಿದ್ದರು. ಲತೀಫ್ ನಮ್ಮ ಎದುರು ಮನೆಯವನು. ಸಂಜೆ ನೋಡಿದರೆ ಪಾಪ, ಆಟೋ ತಳ್ಳಿಕೊಂಡು ಬರುತ್ತಿದ್ದ.

ಆ ಕಿವಿಯನ್ನು ತಿಂದದ್ದೂ ಇಂಜಿನ್ನೇ. ಹಳೇ ಬಸ್ಸುಗಳಲ್ಲಿ ಅದು ಡ್ರೈವರ್ ಸೀಟಿನ ಎಡಪಕ್ಕದಲ್ಲೇ, ಮೊಣಕೈಗೆ ಸಿಗುವಷ್ಟು ಹತ್ತಿರ ಇರುತ್ತಿತ್ತು. ಅಷ್ಟು ವರ್ಷ ಅದರ ಗುರುಗುರು ಕೇಳಿ ಕೇಳಿ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧ ಉಳಿಯಿತು. ಮನೆಯಲ್ಲಿ ಇದು ಬೇಗ ಗೊತ್ತಾಗಲಿಲ್ಲ, ಅದಕ್ಕೆ ನನ್ನ ಗಂಟಲೇ ಕಾರಣ. ನಾನು ಸರ್ಕಾರಿ ಉರ್ದು ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದವಳು. ಎಪ್ಪತ್ತು ಮಕ್ಕಳ ಗಲಾಟೆಯ ಮೇಲೆ ಪಾಠ ಮಾಡಿದ ಗಂಟಲಿದು, ನಾನು ಪಿಸುಗುಟ್ಟಿದರೂ ಪಕ್ಕದ ಮನೆಗೆ ಕೇಳುತ್ತದೆ.

ಮೊದಲು ಕಂಡುಹಿಡಿದವಳು ಅವರ ಬಸ್ಸಿನ ಕಂಡಕ್ಟರ್ ಜಟ್ಟೆಮ್ಮ. ಬಸ್ಸಿನಲ್ಲಿ ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಖುರ್ಷೀದರ ಕೊನೆಯ ವರ್ಷಗಳಲ್ಲಿ ಜಟ್ಟೆಮ್ಮ ಸೀಟಿ ಊದುವುದನ್ನೇ ಬಿಟ್ಟು, ಮುಂದೆ ಬಂದು ಡ್ರೈವರ್ ಸೀಟಿನ ಹಿಂದಿನ ಕಂಬಿಗೆ ಕೈಯಿಂದ ಬಡಿಯುತ್ತಿದ್ದಳು. ಒಂದೇಟು, ಇಲ್ಲ ಎರಡೇಟು. "ಆ ಹೆಂಗಸಿಗೆ ಸೀಟಿ ಊದೋಕೆ ಸೋಮಾರಿತನ" ಎಂದು ಇವರು ಮನೆಗೆ ಬಂದು ಗೊಣಗುತ್ತಿದ್ದರು. ನಾನೂ ಹೌದೌದು ಅಂದಿದ್ದೆ.

ರಿಟೈರ್ ಆದ ಮೇಲೆ ವ್ಯಾನ್ ತಂದರು. ಶಾಲೆಯ ಮಕ್ಕಳೆಂದರೆ ಜೀವ. ಮಕ್ಕಳು ಹತ್ತಿದ ತಕ್ಷಣ ಬಾಗಿಲಿಗೆ ಒಳಗಿಂದ ತೆಗೆಯಲು ಬಾರದ ಹಾಗೆ ಲಾಕ್ ಹಾಕುವುದು, ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುವುದು, ಆಮೇಲೇ ಸ್ಟಿಯರಿಂಗ್ ಮುಟ್ಟುವುದು. ನಾನೂ ಒಮ್ಮೊಮ್ಮೆ ಹಲಸೂರಿನ ತಂಗಿ ಮನೆಗೆ ಹೋಗಲು ಅದರಲ್ಲೇ ಹತ್ತುತ್ತಿದ್ದೆ. ಹಾಗೆ ಹತ್ತಿದ ಒಂದು ದಿನ ಕೆರೆಯ ಪಕ್ಕದ ರಸ್ತೆಯಲ್ಲಿ ನಮ್ಮ ಹಿಂದೆಯೇ ಆಂಬುಲೆನ್ಸ್ ಬಂತು. ಬಡಕೊಳ್ಳುತ್ತಿದೆ, ಬಡಕೊಳ್ಳುತ್ತಲೇ ಇದೆ. ಮಕ್ಕಳೆಲ್ಲ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿದ್ದಾರೆ. ಇವರು ಹಾಯಾಗಿ ನಡುರಸ್ತೆಯಲ್ಲಿ ಹೋಗುತ್ತಿದ್ದಾರೆ. ನಾನು ಹಿಂದಿನಿಂದ ಅಂಗಿ ಹಿಡಿದೆಳೆದ ಮೇಲೆ ಕನ್ನಡಿ ನೋಡಿ, ಬೆಚ್ಚಿ, ಗಾಡಿಯನ್ನು ಎಡಕ್ಕೆ ಎಳೆದರು. ಎಳೆದ ರಭಸಕ್ಕೆ ಒಬ್ಬ ಸೈಕಲ್ಲಿನವನು ಮೋರಿಗೆ ಇಳಿದ. ಯಾರಿಗೂ ಏನೂ ಆಗಲಿಲ್ಲ, ಅಲ್ಲಾ ದೊಡ್ಡವನು.

ನಾವು ಮನೆಯಲ್ಲಿ ಆಡುವುದು ದಖನಿ ಉರ್ದು. ಆದರೆ ಖುರ್ಷೀದರಿಗೆ ಸಿಟ್ಟು ಬಂದರೆ ಬಸ್ಸಿನ ಕನ್ನಡ ಹೊರಡುತ್ತದೆ, ನಾನು ಕನ್ನಡ ಟೀಚರ್, ಬಿಡುತ್ತೇನೆಯೇ? ಹಾಗಾಗಿ ನಮ್ಮ ಜಗಳಗಳೆಲ್ಲ ಕನ್ನಡದವೇ.

"ಕಿವಿ ತೋರ್ಸಿ ಅಂದ್ರೆ ತೋರ್ಸಲ್ಲ. ವ್ಯಾನಾದ್ರೂ ಬಿಡ್ರೀ" ಎಂದೆ ಅವತ್ತು.

"ಏನಾಗಿದೆ ನನ್ನ ಕಿವಿಗೆ? ನೀನು ಕಿರ್ಚೋದು ಕೇಳಿಸ್ತಿದೆಯಲ್ಲ!"

"ನಾನು ಕಿರ್ಚೋದು ಇಡೀ ಶಿವಾಜಿನಗರಕ್ಕೆ ಕೇಳ್ಸುತ್ತೆ. ಆಂಬುಲೆನ್ಸ್ ಕೇಳಿಸ್ತಾ?"

"ಟ್ರಾಫಿಕ್ಕಲ್ಲಿ ಎಲ್ಲಿಗೆ ಬಿಡೋದು ಜಾಗಾನಾ? ತಲೆ ತಿನ್ಬೇಡ ಹೋಗು."

ಮಕ್ಕಳ ಮನೆಗಳಿಗೆ ಹೋಗಿ ನಾನೇ ಹೇಳಿಬಿಡಲೇ ಎಂದುಕೊಂಡೆ. ಹೇಳಿದರೆ ನನ್ನ ಗಂಡನ ಮುಖ ಇಡೀ ಪೇಟೆಯ ಮುಂದೆ ಮಣ್ಣಾಗುತ್ತದೆ. ಹೇಳದಿದ್ದರೆ ಯಾರದೋ ಮಗುವಿನ ಪ್ರಾಣ. ಎರಡರ ನಡುವೆ ಸಿಕ್ಕಿಹಾಕಿಕೊಂಡು ಒದ್ದಾಡಿದೆ. ಕೊನೆಗೆ ದಾರಿ ತೋರಿಸಿದವಳು ರುಕ್ಸಾರ್. ಅವಳು ಜಾರ್ಜಿಯಾ ದೇಶದಲ್ಲಿ, ತ್ಬಿಲಿಸಿ ಎಂಬ ಊರಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಫೋನಿನಲ್ಲೇ ಅಪ್ಪನಿಗೆ ಪಂಥ ಹಾಕಿದಳು.

"ಅಬ್ಬಾ, ಕ್ರಿಸ್ಮಸ್ಸಿಗೆ ನಿಮ್ಮ ವ್ಯಾನಿನ ಮಕ್ಕಳಿಗೂ ರಜಾ, ನನಗೂ ರಜಾ. ಅಮ್ಮೀನ ಕರ್ಕೊಂಡು ಬನ್ನಿ. ಇಲ್ಲಿ ಬಾಡಿಗೆಗೆ ಕಾರ್ ತಗೊಂಡು ಇಡೀ ದೇಶ ಸುತ್ತೋಣ, ನೀವೇ ಓಡ್ಸಿ. ಎಲ್ಲಾ ಸರಿಯಾಗಿ ಕೇಳಿಸ್ಕೊಂಡು ಓಡ್ಸಿದ್ರೆ ನಾವಿಬ್ರೂ ಇನ್ಮೇಲೆ ಕಿವಿ ವಿಷ್ಯ ಎತ್ತಲ್ಲ. ಇಲ್ಲಾಂದ್ರೆ ವ್ಯಾನ್ ಬೀಗದ ಕೈ ಅಮ್ಮೀ ಕೈಗೆ."

"ಆಯ್ತು. ಕೊಡ್ಸು ಗಾಡಿ!" ಎಂದು ಇವರು ತೊಡೆ ತಟ್ಟಿಕೊಂಡರು. ಮಾರನೆಯ ದಿನವೇ ಹೋಗಿ ಹೊರದೇಶದಲ್ಲಿ ಓಡಿಸುವ ಪರ್ಮಿಟ್ಟಿಗೆ ಅರ್ಜಿ ಹಾಕಿ ಬಂದರು.

ತ್ಬಿಲಿಸಿಯಲ್ಲಿ ರುಕ್ಸಾರಳ ಮನೆ ಮುಂದೆ ಬಂದು ನಿಂತ ಕಾರು ಹೈಬ್ರಿಡ್ ಅಂತೆ. ಪೆಟ್ರೋಲ್ ಇಂಜಿನ್ನೂ ಇದೆ, ಬ್ಯಾಟರಿಯಿಂದ ಓಡುವ ಮೋಟಾರೂ ಇದೆ. ಕಾರು ತಂದುಕೊಟ್ಟವನು ಕೈಬಾಯಿ ಮಾಡಿ ವಿವರಿಸಿದ, ರುಕ್ಸಾರ್ ತಿಳಿಸಿ ಹೇಳಿದಳು. ಬೀಗದ ಕೈ ತಿರುಗಿಸುವುದಿಲ್ಲ, ಬ್ರೇಕ್ ತುಳಿದು ಒಂದು ಗುಂಡಿ ಒತ್ತಬೇಕು. ಅಷ್ಟೇ, ಗಾಡಿ ತಯಾರು. ಇಂಜಿನ್ ಬೇಕಾದಾಗ ತಾನೇ ಶುರುವಾಗುತ್ತದೆ, ಬೇಡವಾದಾಗ ತಾನೇ ನಿಲ್ಲುತ್ತದೆ. ಡ್ರೈವರ್ ಅದರ ತಂಟೆಗೆ ಹೋಗಬಾರದು.

ಖುರ್ಷೀದ್ ಗುಂಡಿ ಒತ್ತಿದರು. ಒಂದಿಷ್ಟೂ ಸದ್ದಿಲ್ಲ.

"ಶುರು ಆಯ್ತಾ? ಏನೂ ಕೇಳಿಸ್ಲೇ ಇಲ್ವಲ್ಲ!" ಎಂದೆ ನಾನು.

"ನನಗೂ ಏನೂ ಕೇಳ್ಸಲ್ಲ ಅಮ್ಮೀ, ಈ ಗಾಡಿ ಹಂಗೇ" ಎಂದಳು ರುಕ್ಸಾರ್.

ಇವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಬಾಯ್ತುಂಬ ನಕ್ಕರು. ಅಷ್ಟು ಖುಷಿ ಯಾಕೆ ಎಂದು ನನಗೆ ತಿಳಿಯಲಿಲ್ಲ. ಹೊಸ ಗಾಡಿ ಸಿಕ್ಕ ಸಂತೋಷ ಎಂದುಕೊಂಡೆ. ಇಳಿದು ಹೋಗಿ ಹಿಂದಿನ ಎರಡೂ ಬಾಗಿಲಿನ ಅಂಚಿನಲ್ಲಿ ಏನೋ ತಡಕಾಡಿ ಬಂದರು. ನೋಡಿದರೆ ಮಕ್ಕಳ ಲಾಕ್ ಹಾಕಿದ್ದಾರೆ! ಡಾಕ್ಟರ್ ಆಗಲಿರುವ ಮಗಳು ಹಿಂದೆ ಕೂತು ಒಳಗಿಂದ ಬಾಗಿಲು ತೆಗೆಯಲಾಗದೆ ನಗುತ್ತಿದ್ದಳು. "ಇರ್ಲಿ ಬಿಡು, ಅಭ್ಯಾಸ ಅವ್ರಿಗೆ" ಎಂದೆ ನಾನು.

ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಸ್ಟಿಯರಿಂಗ್ ಎಡಗಡೆ ಇರುತ್ತದೆ. ಹಾಗಾಗಿ ಮದುವೆಯಾದ ಮೇಲೆ ಮೊದಲ ಸಲ ನಾನು ನನ್ನ ಗಂಡನ ಬಲಗಡೆ ಕೂತೆ. ನಾನು ಹೇಳಿದ್ದೆಲ್ಲ ಅವರಿಗೆ ಕೇಳಿಸತೊಡಗಿತು! ನಿಧಾನ ಅಂದರೆ ನಿಧಾನ, ಅಲ್ಲಿ ತಿರುಗಿಸಿ ಅಂದರೆ ತಿರುಗಿಸುವುದು. ಹಿಮ ಬಿದ್ದ ರಸ್ತೆಯಲ್ಲಿ ಎಂಥ ಹದ ಅಂತೀರಿ, ಬ್ರೇಕನ್ನು ಒತ್ತುವುದೇ ಇಲ್ಲ, ಸವರುತ್ತಾರೆ. ಸಮುದ್ರದ ತನಕ ಹೋದೆವು, ಅಲ್ಲಿಂದ ಮತ್ತೆ ಬೆಟ್ಟಗಳ ಕಡೆ ಬಂದೆವು. ಕಣ್ಣು ಹಾಯಿಸಿದ ಕಡೆಯೆಲ್ಲ ಬಿಳಿ. ನಾನು ಕಿಟಕಿಯಾಚೆ ನೋಡುತ್ತ, ಪಂಥದಲ್ಲಿ ಸೋಲುತ್ತಿದ್ದೇನೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

"ಏನ್ ಹೇಳ್ತೀಯ ಹಮೀದಾ? ಎಲ್ಲಾ ಕೇಳಿಸ್ತಿದೆಯಲ್ಲ?" ಎಂದು ಇವರು ಮೀಸೆಯಲ್ಲೇ ನಗುತ್ತಿದ್ದರು.

ಗೆದ್ದರೆ ಮತ್ತೆ ಆ ವ್ಯಾನು, ಆ ಮಕ್ಕಳು, ಆ ಕೆರೆಯ ರಸ್ತೆ. ಬೆಂಗಳೂರಿಗೆ ಹೋದ ಮೇಲೆ ನಾನು ಮತ್ತೆ ಅವರ ಎಡಗಡೆಯವಳೇ. ಆದರೆ ಆಡಿದ ಮಾತು ಆಡಿದ್ದೇ ಆಯಿತಲ್ಲ, ಇನ್ನು ಯಾವ ಬಾಯಲ್ಲಿ ಬೇಡ ಅನ್ನಲಿ?

ಉತ್ತರದ ದೊಡ್ಡ ಬೆಟ್ಟ ನೋಡಿಕೊಂಡು ತ್ಬಿಲಿಸಿಗೆ ವಾಪಸ್ ಹೊರಟ ದಿನ ಬೆಳಿಗ್ಗೆ ಆಕಾಶ ಚೆನ್ನಾಗಿಯೇ ಇತ್ತು. ಘಾಟಿ ಹತ್ತುವ ಹೊತ್ತಿಗೆ ಹಿಮ ಶುರುವಾಯಿತು. ಇನ್ನೇನು ತುದಿ ದಾಟಿ ಇಳಿಯಬೇಕು, ಮುಂದಿನ ಲಾರಿ ನಿಂತುಬಿಟ್ಟಿತು. ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ನಮ್ಮ ಹಿಂದೆಯೂ ಲಾರಿ ಬಂದು ನಿಂತಿತು. ಕೆಳಗೆ ಎಲ್ಲೋ ರಸ್ತೆಗೆ ಹಿಮ ಜಾರಿದೆ, ತೆಗೆಯುವವರೆಗೂ ಗೇಟ್ ಹಾಕಿದ್ದಾರೆ ಎಂದು ರುಕ್ಸಾರ್ ಫೋನಿನಲ್ಲಿ ಓದಿ ಹೇಳಿದಳು. ಅಷ್ಟರಲ್ಲಿ ಫೋನಿನ ಸಿಗ್ನಲ್ಲೂ ಹೋಯಿತು.

ಕಾಯುತ್ತ ಕೂತೆವು. ಖುರ್ಷೀದ್ ಗಾಡಿಯನ್ನು ಲಾರಿಗಳಿಗೆ ದಾರಿ ಇರಲಿ ಎಂದು ಬಲಕ್ಕೆ ಒತ್ತಿ ನಿಲ್ಲಿಸಿದ್ದರು. ನನ್ನ ಬಾಗಿಲಿಗೆ ಅಂಟಿಕೊಂಡೇ ಆಳೆತ್ತರದ ಹಿಮದ ಗೋಡೆ. ಮೊದಮೊದಲು ಬೆಚ್ಚಗಿತ್ತು. ಇಂಜಿನ್ ಆಗಾಗ ತಾನೇ ಶುರುವಾಗಿ ಹೀಟರಿಗೆ ಬಿಸಿ ಕೊಟ್ಟು ತಾನೇ ನಿಲ್ಲುತ್ತಿತ್ತು, ತೀರಾ ಸಣ್ಣ ಸದ್ದು. ರುಕ್ಸಾರ್ ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು ನಿದ್ದೆಹೋದಳು. ಗಾಳಿಯ ಸದ್ದು ಜೋರಾದಾಗ ಆ ಸಣ್ಣ ಸದ್ದು ನನಗೂ ಕೇಳಿಸದಾಯಿತು.

"ರೀ, ಇಂಜಿನ್ ನಡೀತಿದೆಯಾ, ನಿಂತಿದೆಯಾ?" ಎಂದು ಕೇಳಿದೆ. ಸುಮ್ಮನೆ ಕೇಳಿದ್ದು, ಅಲ್ಲಾನಾಣೆ, ಪರೀಕ್ಷೆಗಲ್ಲ.

"ನಡೀತಿದೆ" ಎಂದರು. ಆಮೇಲೆ ಅವರ ಕೈ ಗುಂಡಿಯ ಕಡೆ ಹೋಯಿತು. ಒಂದು ಸಲ ಒತ್ತಿದರು. ಸ್ವಲ್ಪ ತಡೆದು ಮತ್ತೆ ಒತ್ತಿದರು, ಮತ್ತೆ ಒತ್ತಿದರು. ದೀಪಗಳು ಹತ್ತಿದವು, ಗಾಳಿ ಬೀಸತೊಡಗಿತು. "ನೋಡು, ಸರಿಯಾಗೇ ಇದೆ" ಎಂದು ಕೈಕಟ್ಟಿ ಕೂತರು. ನನಗೇನು ಗೊತ್ತು ಕಾರಿನ ವಿದ್ಯೆ? ನಾನೂ ಶಾಲು ಎಳೆದುಕೊಂಡು ಕಣ್ಣು ಮುಚ್ಚಿದೆ.

ಎಚ್ಚರವಾದಾಗ ಕಾಲಿನ ಬೆರಳುಗಳು ಇಲ್ಲವೇ ಇಲ್ಲವೇನೋ ಅನ್ನಿಸಿತು. ಬೀಸುತ್ತಿದ್ದ ಗಾಳಿ ತಣ್ಣಗಿತ್ತು. ಹೀಟರ್ ಯಾಕೆ ಹೀಗೆ ಎಂದು ಕೇಳುವಷ್ಟರಲ್ಲಿ ಬೀಸುವುದೂ ನಿಂತು, ಮುಂದಿನ ದೀಪಗಳೆಲ್ಲ ಮಂಕಾಗಿ ಆರಿಹೋದವು. ಗಾಜುಗಳ ಮೇಲೆಲ್ಲ ಹಿಮ ಕೂತು ಹೊರಗಿನದು ಏನೂ ಕಾಣಿಸುತ್ತಿರಲಿಲ್ಲ. ರುಕ್ಸಾರ್ ಎದ್ದು ಮುಂದಕ್ಕೆ ಬಾಗಿದಳು.

"ಅಬ್ಬಾ, ಗುಂಡಿ ಒತ್ತಿದ್ರಾ?"

"ಇಂಜಿನ್ ನಿಂತಿತ್ತು, ಸ್ಟಾರ್ಟ್ ಮಾಡ್ದೆ."

"ನಿಲ್ಲೋದೇ ಅದ್ರ ಕೆಲ್ಸ ಅಬ್ಬಾ! ನೀವು ಪೂರ್ತಿ ಆಫ್ ಮಾಡಿ, ಆಮೇಲೆ ಬ್ರೇಕ್ ತುಳೀದೇ ಒತ್ತಿದ್ದೀರ. ಬರೀ ಲೈಟು, ಫ್ಯಾನು ಓಡಿದೆ. ಚಿಕ್ಕ ಬ್ಯಾಟರಿ ಖಾಲಿ. ಇನ್ನು ಗಾಡಿ ಏಳಲ್ಲ."

ಖುರ್ಷೀದ್ ಬ್ರೇಕ್ ತುಳಿದು ಒತ್ತಿದರು. ಏನೂ ಆಗಲಿಲ್ಲ. ಹಾರ್ನ್ ಒತ್ತಿದರು, ಅದೂ ಸತ್ತಿತ್ತು. ಬೆಂಗಳೂರಿನ ಡ್ರೈವರಿಗೆ ಹಾರ್ನೂ ಇಲ್ಲವೆಂದರೆ ಇನ್ನೇನು ಉಳಿಯಿತು ಹೇಳಿ.

"ಇಳಿದು ಹೋಗಿ ಹಿಂದಿನ ಲಾರಿಯವನನ್ನ ಕೇಳ್ತೀನಿ" ಎಂದು ರುಕ್ಸಾರ್ ಬಾಗಿಲು ಎಳೆದಳು. ತೆಗೆಯಲಿಲ್ಲ. ಮಕ್ಕಳ ಲಾಕ್! ನನ್ನ ಬಾಗಿಲು ತಳ್ಳಿದೆ, ಹಿಮದ ಗೋಡೆಗೆ ತಾಗಿ ನಿಂತಿತು. ಕಿಟಕಿ ಇಳಿಸಲು ಕರೆಂಟಿಲ್ಲ. ತೆಗೆಯಲು ಬರುವುದು ಒಂದೇ ಬಾಗಿಲು, ಡ್ರೈವರಿನದು.

"ತೆಗೀರಿ ಬಾಗ್ಲು" ಎಂದೆ.

"ಯಾರೂ ಎಲ್ಲಿಗೂ ಹೋಗೋದ್ಬೇಡ. ತೆಗೆದ್ರೆ ಇರೋ ಬಿಸೀನೂ ಹೋಗುತ್ತೆ. ಗೇಟ್ ತೆಗೆದ ಮೇಲೆ ಯಾರಾದ್ರೂ ಬರ್ತಾರೆ."

"ಯಾವಾಗ್ರೀ? ಹೆಣ ಆದ್ಮೇಲಾ?"

"ಲಾರಿಯವನ ಮುಂದೆ ಹೋಗಿ ಏನಂತ ಹೇಳ್ಲಿ? ಗಾಡಿ ಸ್ಟಾರ್ಟ್ ಮಾಡೋಕೆ ಬರ್ಲಿಲ್ಲ ಅಂತಾನಾ? ಇಷ್ಟು ವರ್ಷ ಬಸ್ ಓಡಿಸಿದವನು ನಾನು!"

ನನಗೆ ಮೈಯೆಲ್ಲ ಉರಿಯಿತು, ಆ ಚಳಿಯಲ್ಲೂ. ಈ ಮನುಷ್ಯನ ಮರ್ಯಾದೆಯೊಳಗೆ ನಾನು ಎಷ್ಟು ವರ್ಷದಿಂದ ಕೂತಿದ್ದೇನೆ, ಈಗ ಮಗಳನ್ನೂ ಒಳಗೆ ಹಾಕಿ ಬಾಗಿಲು ಮುಚ್ಚಿದ್ದಾರಲ್ಲ ಎಂದುಕೊಂಡೆ. ರುಕ್ಸಾರ್ ನನ್ನ ಕೈಗಳನ್ನು ತನ್ನ ಸ್ವೆಟರಿನೊಳಗೆ ಇಟ್ಟುಕೊಂಡು ಉಜ್ಜುತ್ತಿದ್ದಳು. ಅವಳ ತುಟಿ ಬಣ್ಣಗೆಟ್ಟಿತ್ತು. ಖುರ್ಷೀದ್ ಹಿಮ ಮುಚ್ಚಿದ ಮುಂದಿನ ಗಾಜನ್ನೇ ನೋಡುತ್ತ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಕೂತಿದ್ದರು.

ಆಗ ಬಡಿತ ಕೇಳಿಸಿತು. ಅವರ ಪಕ್ಕದ ಕಿಟಕಿಗೆ, ಹೊರಗಿಂದ, ಯಾರೋ ಕೈಯಿಂದ ಬಡಿಯುತ್ತಿದ್ದರು. ಗಾಜಿನ ಹಿಮದಾಚೆ ಕಿತ್ತಳೆ ಬಣ್ಣದ ಜಾಕೆಟ್ ಮಸುಕಾಗಿ ಕಂಡಿತು. ಹಿಮ ತೆಗೆಯುವ ಗಾಡಿಯವರು, ನಿಂತ ವಾಹನಗಳಲ್ಲಿ ಜನ ಇದ್ದಾರೋ ಎಂದು ನೋಡಿಕೊಂಡು ಬರುತ್ತಿದ್ದರು. ಸದ್ಯ, ಬದುಕಿದೆವು ಎಂದು ಖುರ್ಷೀದರ ಕಡೆ ನೋಡಿದೆ.

ಅವರು ತಿರುಗಲಿಲ್ಲ.

ಆತ ಮತ್ತೆ ಬಡಿದ. ಈ ಸಲ ಸಲಿಕೆಯ ಹಿಡಿಯಿಂದ, ಜೋರಾಗಿ, ಅವರ ಕಿವಿಯಿಂದ ಒಂದು ಗೇಣು ದೂರದಲ್ಲಿ. ಏನೋ ಕೂಗಿಯೂ ಕೂಗಿದ. ಖುರ್ಷೀದ್ ಮುಂದಿನ ಗಾಜನ್ನು ನೋಡುತ್ತಲೇ ಇದ್ದರು. ನಾನು ರುಕ್ಸಾರಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಗೊತ್ತಿರುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಇಬ್ಬರ ಬಾಯಿಂದಲೂ ಸ್ವರ ಹೊರಡಲಿಲ್ಲ. ಒಳಗೆ ಯಾರೂ ಇಲ್ಲವೆಂದುಕೊಂಡನೋ ಏನೋ, ಕಿತ್ತಳೆ ಜಾಕೆಟ್ ಕಿಟಕಿಯಿಂದ ಸರಿಯತೊಡಗಿತು.

"ಯಾ ಅಲ್ಲಾ!" ಎಂದು ಚೀರಿ ನಾನು ಖುರ್ಷೀದರ ಗಲ್ಲ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದೆ. ಸರಿದುಹೋಗುತ್ತಿದ್ದ ಆ ಬೆನ್ನು ಅವರಿಗೆ ಕಂಡಿತು. ಒಂದು ಕ್ಷಣ ಏನೆಂದು ತಿಳಿಯದೆ ನೋಡಿದರು. ಆಮೇಲೆ ಬಾಗಿಲನ್ನು ಭುಜದಿಂದ ಗುದ್ದಿ ತೆಗೆದು ಹೊರಗೆ ಬಿದ್ದು, "ಭಾಯ್! ಭಾಯ್!" ಎಂದು ಕೂಗುತ್ತ ಹಿಮದಲ್ಲಿ ಎಡವಿಕೊಂಡು ಓಡಿದರು.

ಆತ ದೇವರಂಥ ಮನುಷ್ಯ. ಬಂದು ನೋಡಿದ, ಮುಂದಿನ ಬಾನೆಟ್ ತಟ್ಟಿದ, ಬ್ಯಾಟರಿ ತರುತ್ತೇನೆ ಇರಿ ಎಂದು ಸನ್ನೆ ಮಾಡಿದ. ರುಕ್ಸಾರಳ ಬಾಗಿಲನ್ನು ಹೊರಗಿಂದ ತೆಗೆದು ಅವಳ ಕೈಗೆ ತನ್ನ ಚಹಾದ ಫ್ಲಾಸ್ಕ್ ಕೊಟ್ಟುಹೋದ. ಖುರ್ಷೀದ್ ಬಂದು ಮತ್ತೆ ತಮ್ಮ ಸೀಟಿನಲ್ಲಿ ಕೂತರು. ಗಡ್ಡದಲ್ಲೆಲ್ಲ ಹಿಮ. ನನ್ನ ಬಾಯಲ್ಲಿ ಒಂದು ಗಂಟೆಯಾದರೂ ಬೈಯುವಷ್ಟು ಬೈಗುಳ ತಯಾರಿತ್ತು.

"ಎಷ್ಟೊತ್ತಿಂದ ಬಡೀತಿದ್ದ?" ಎಂದು ಅವರು ಕೇಳಿದರು.

"ಸುಮಾರು ಹೊತ್ತಿಂದ."

"ಜೋರಾಗಾ?"

"ಜೋರಾಗೇ, ಅಬ್ಬಾ" ಎಂದಳು ರುಕ್ಸಾರ್.

ಅವರು ನನ್ನ ಕಡೆ ತಿರುಗದೆಯೇ ಹೇಳಿದರು. "ನೀನು ಕೇಳ್ದೆಯಲ್ಲ, ಇಂಜಿನ್ ನಡೀತಿದೆಯಾ ಅಂತ. ನನಗೆ ಗೊತ್ತಾಗ್ಲಿಲ್ಲ ಹಮೀದಾ. ಗೊತ್ತಿಲ್ಲ ಅನ್ನೋಕೆ ಆಗ್ಲಿಲ್ಲ. ಅದಕ್ಕೇ ಒತ್ತಿಬಿಟ್ಟೆ."

ಅವರು ಗಡ್ಡದ ಹಿಮ ಕೊಡವಿಕೊಂಡರು.

"ಮೊದಲ್ನೇ ದಿನ ಈ ಗಾಡಿ ಹತ್ತಿದಾಗ, ಏನೂ ಕೇಳಿಸ್ಲಿಲ್ಲ ಅಂತ ನೀನಂದೆ. ರುಕ್ಸಾರೂ ಅಂದ್ಳು. ಎಷ್ಟು ಖುಷಿಯಾಯ್ತು ಗೊತ್ತಾ ನನಗೆ? ಎಷ್ಟೋ ವರ್ಷ ಆದ್ಮೇಲೆ, ನನಗೆ ಕೇಳಿಸ್ದೇ ಇರೋದು ನಿಮಗೂ ಕೇಳಿಸ್ಲಿಲ್ಲ."

ನನ್ನ ಬೈಗುಳವೆಲ್ಲ ಎಲ್ಲಿ ಹೋಯಿತೋ. ಪಂಥ ನಾನು ಗೆದ್ದಿದ್ದೆ, ಗೆದ್ದ ಮುಖ ಹೊತ್ತು ಎಲ್ಲಿ ನೋಡಲಿ ಎಂದು ತಿಳಿಯಲಿಲ್ಲ. ಅಳು ಬಂತು. ಅತ್ತುಬಿಟ್ಟೆ. ಹಿಂದಿನ ಸೀಟಿನಲ್ಲಿ ರುಕ್ಸಾರ್ ಫ್ಲಾಸ್ಕ್ ಹಿಡಿದುಕೊಂಡು ಮೂಗೆಳೆಯುತ್ತಿದ್ದಳು. ಅವರು ತಮ್ಮ ಮಫ್ಲರಿನ ತುದಿಯಿಂದ ನನ್ನ ಮುಖ ಒರೆಸಿ, "ಸಾಕು, ಕಣ್ಣೀರು ಇಲ್ಲೇ ಗಡ್ಡೆ ಕಟ್ಟುತ್ತೆ" ಎಂದರು.

ಕಿತ್ತಳೆ ಜಾಕೆಟ್ಟಿನವನು ಸಣ್ಣ ಬ್ಯಾಟರಿ ಪೆಟ್ಟಿಗೆ ತಂದು ವೈರು ಹಾಕಿಕೊಟ್ಟ. ಗಾಡಿ ಎದ್ದಿತು. ಕೆಳಗಿನ ಗೇಟೂ ತೆಗೆದಿದ್ದರು, ಮುಂದಿನ ಲಾರಿಗಳು ಒಂದೊಂದಾಗಿ ಕದಲತೊಡಗಿದವು. ಆಗ ನಮ್ಮ ನಿಜವಾದ ಕಷ್ಟ ನೆನಪಾಯಿತು. ನನಗೆ ಡ್ರೈವಿಂಗ್ ಬರುವುದಿಲ್ಲ, ರುಕ್ಸಾರಳಿಗೂ ಬರುವುದಿಲ್ಲ. ಮುಂದೆ ಇಳಿಜಾರು, ತಿರುವು, ಕತ್ತಲೆಯ ಸುರಂಗಗಳು, ಹಾರ್ನ್ ಹೊಡೆಯುತ್ತ ಹಿಂದೆ ಬರುವ ಲಾರಿಗಳು. ಕೂತಲ್ಲೇ ಕೂರುವ ಹಾಗೂ ಇಲ್ಲ, ಮತ್ತೆ ಹಿಮ ಜೋರಾಗುತ್ತಿತ್ತು. ಓಡಿಸಬೇಕಾದವರು ಈ ಕಿವುಡರೇ. ಅವರೂ ಸ್ಟಿಯರಿಂಗ್ ಮುಟ್ಟದೆ ಕೂತಿದ್ದರು.

"ನನ್ನಿಂದ ಆಗಲ್ಲ" ಎಂದರು. ಆ ಮಾತನ್ನು ಆ ಬಾಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ಆಗುತ್ತೆ. ಜಟ್ಟೆಮ್ಮ ಕಂಬಿಗೆ ಬಡೀತಿದ್ಲಲ್ಲ" ಎಂದೆ.

ಅವರು ಮೆಲ್ಲಗೆ ನನ್ನ ಕಡೆ ತಿರುಗಿದರು. ಅವಳು ಯಾಕೆ ಬಡಿಯುತ್ತಿದ್ದಳು ಎಂಬುದು ಈಗ ಅವರ ತಲೆಗೆ ಹೋಗುತ್ತಿತ್ತು. ಹೋದದ್ದು ಮುಖದಲ್ಲಿ ಕಂಡಿತು.

"ಸೋಮಾರಿ ಅಂತ ಬೈದಿದ್ದೆ ಅವಳನ್ನ" ಎಂದರು.

"ಊರಿಗೆ ಹೋದ್ಮೇಲೆ ಹೋಗಿ ಮಾತಾಡಿಸ್ಕೊಂಡು ಬನ್ನಿ. ಈಗ ಹೊರಡಿ. ಒಂದೇಟಿಗೆ ನಿಲ್ಲಿಸ್ಬೇಕು, ಎರಡೇಟಿಗೆ ಹೊರಡ್ಬೇಕು. ಹಿಂದೆ ಹಾರ್ನ್ ಕೇಳಿಸಿದ್ರೆ ಭುಜ ಹಿಂಡ್ತೀನಿ."

"ಹೋಲ್ಡಾನ್, ರೈಟ್ ರೈಟ್ ಅಂತ ಬಾಯಲ್ಲೂ ಹೇಳು. ನಿನ್ನ ಗಂಟ್ಲು ಈ ಕಡೆ ಕಿವಿಗೆ ಕೇಳಿಸುತ್ತೆ" ಎಂದರು.

ಹಾಗೆ ಇಳಿದೆವು ಆ ಘಾಟಿ. ನಾನು ಅವರ ಬಲಭುಜದ ಮೇಲೆ ಕೈಯಿಟ್ಟುಕೊಂಡು, ಮುಂದೆ ನೋಡುತ್ತ, ಹಿಂದೆ ಕೇಳುತ್ತ, ಬಡಿಯುತ್ತ, ಹಿಂಡುತ್ತ. ರುಕ್ಸಾರ್ ಹಿಂದಿನ ಗಾಜಿಗೆ ಕಣ್ಣಿಟ್ಟು, "ಅಮ್ಮೀ, ಲಾರಿ ಹತ್ರ ಬಂತು" ಅನ್ನುವುದು, ನಾನು ಭುಜ ಹಿಂಡುವುದು, ಅವರು ಪಕ್ಕಕ್ಕೆ ಸರಿಯುವುದು. ಸುರಂಗದೊಳಗೆ ಎಲ್ಲ ಕಡೆಯಿಂದಲೂ ಹಾರ್ನ್ ಕೇಳಿ ಗಾಬರಿಯಾಗಿ ಒಂದು ಸಲ ತಪ್ಪಾಗಿ ಒಂದೇಟು ಹಾಕಿಬಿಟ್ಟೆ, ಅವರು ನಡುವೆಯೇ ನಿಲ್ಲಿಸಿಬಿಟ್ಟರು. "ರೈಟ್! ರೈಟ್ ರೈಟ್ ರೀ!" ಎಂದು ಕಿರುಚಿದೆ. ಇಡೀ ದಾರಿಯಲ್ಲಿ ಅವರು ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ.

ಕೆಳಗಿನ ಊರಿನಲ್ಲಿ, ಬೆಳಕಿರುವಾಗಲೇ, ಒಂದು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದರು. ಗುಂಡಿ ಒತ್ತಿದರು. ಕೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಒಂದು ಗಳಿಗೆ ಇಟ್ಟುಕೊಂಡು, ನನ್ನ ಮುಖ ನೋಡಿ ಕೇಳಿದರು.

"ಆಫ್ ಆಯ್ತಾ?"

ಆಯಿತು ಎಂದೆ. ನನ್ನ ಭುಜ, ಬೆರಳು ಎಲ್ಲ ನೋಯುತ್ತಿದ್ದವು.

ಬೆಂಗಳೂರಿಗೆ ಬಂದ ಮೇಲೆ ಕಿವಿಯ ಡಾಕ್ಟರ ಹತ್ತಿರ ಹೋದೆವು. ಬಲಗಿವಿಗೆ ಒಂದು ಮಿಷನ್ ಕೊಟ್ಟರು. ಖುರ್ಷೀದ್ ಅದನ್ನು ಹಾಕಿಕೊಂಡು ಮೊದಲು ಮಾಡಿದ ಕೆಲಸವೆಂದರೆ, "ಹಮೀದಾ, ಇಷ್ಟು ವರ್ಷ ನೀನು ಇಷ್ಟು ಜೋರಾಗಾ ಮಾತಾಡ್ತಿದ್ದೆ?" ಎಂದು ಕೇಳಿದ್ದು. ಆಮೇಲಿಂದ ಅದು ಹೆಚ್ಚಾಗಿ ಅಂಗಿಯ ಜೇಬಿನಲ್ಲೇ ಇರುತ್ತದೆ. ಎಡಗಿವಿಗೆ ಏನೂ ಮಾಡುವ ಹಾಗಿಲ್ಲವಂತೆ.

ವ್ಯಾನಿನ ಬೀಗದ ಕೈಯನ್ನು ಅವರು ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಶಾಲೆಯ ರಜೆ ಮುಗಿಯುತ್ತಿದ್ದ ಹಾಗೆ ನಾನು ಹೋಗುತ್ತ ಬರುತ್ತ ಆ ಬೀಗದ ಕೈಯನ್ನೇ ನೋಡತೊಡಗಿದೆ. ಘಾಟಿಯಲ್ಲಿ ಆಡಿದ ಮಾತು ಗಲ್ಲಿಗೆ ಬಂದ ಮೇಲೆ ಉಳಿಯುತ್ತದೆಯೇ ಎಂದು ಯಾರಿಗೆ ಗೊತ್ತು? ಶಾಲೆ ಶುರುವಾದ ದಿನ ಬೆಳಿಗ್ಗೆ ಎಂದಿನ ಹಾಗೆ ಖಾಕಿ ಅಂಗಿ ತೊಟ್ಟು, ಕೂದಲು ಬಾಚಿ, ಬೀಗದ ಕೈ ಹಿಡಿದು ಹೊರಟೇಬಿಟ್ಟರು. ನಾನು ಒಲೆಯನ್ನು ಹಾಗೇ ಬಿಟ್ಟು ಬಾಗಿಲಿಗೆ ಓಡಿದೆ.

ವ್ಯಾನಿನ ಹತ್ತಿರ ಲತೀಫ್ ನಿಂತಿದ್ದ, ಅದೇ ಕ್ಲಚ್ಚಿನ ಲತೀಫ್. ಖುರ್ಷೀದ್ ಬೀಗದ ಕೈಯನ್ನು ಅವನಿಗೆ ಕೊಟ್ಟರು. ಕೊಡುವಾಗ ಒಂದು ಕ್ಷಣ ಇಬ್ಬರ ಕೈಯೂ ಅದರ ಮೇಲಿತ್ತು. "ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ಬೇಡ, ತಿಳೀತಾ? ಮಕ್ಕಳ ಗಾಡಿ ಇದು" ಎಂದು ಬೈದು, ಸುತ್ತಿ ಬಂದು, ಹಿಂದಿನ ಬಾಗಿಲಿನಿಂದ ಹತ್ತಿ, ಮಕ್ಕಳು ಕೂರುವ ಬೆಂಚಿನ ತುದಿಯಲ್ಲಿ, ಬಾಗಿಲ ಪಕ್ಕ ಕೂತರು. ಇಡೀ ಆಯುಷ್ಯ ಮುಂದಿನ ಸೀಟಿನಲ್ಲಿ ಕೂತ ಮನುಷ್ಯ, ಮೊಣಕಾಲು ಮಡಚಲು ಜಾಗವಿಲ್ಲದೆ ಒದ್ದಾಡಿ ಕೂತರು.

ಲತೀಫ್ ಬೀಗದ ಕೈ ತಿರುಗಿಸಿದ. ಖುರ್ಷೀದ್ ಅಂಗೈಯನ್ನು ವ್ಯಾನಿನ ತಗಡಿಗೆ ಒತ್ತಿ ಹಿಡಿದರು. ಆದರೂ ನಂಬಿಕೆ ಬರಲಿಲ್ಲವೇನೋ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿ, ಶುರುವಾಯಿತೇ ಎಂದು ಹುಬ್ಬೇರಿಸಿದರು.

ನಾನು ಹೂಂ ಎಂದು ತಲೆಯಾಡಿಸಿದೆ.

ಅವರು ತಗಡಿಗೆ ಎರಡೇಟು ಬಡಿದರು.